ಅಪ್‌ಡೇಟ್: ಸೋರುತ್ತಿದ್ದ ಇಂಕ್ ಪೆನ್‌ಗೆ ಕೊನೆಗೆ ಮಾಡಿದ್ದೇನು?

ಲೇತ್‌ನಲ್ಲಿ ಎಬೊನೈಟ್ (ಗಟ್ಟಿ ರಬ್ಬರ್) ಕಡೆದು ಮಾಡಿದ ಪೆನ್ನು, ಇಂಕ್ ಅರ್ಧಕ್ಕಿಳಿದ ಮೇಲೆ ನಿಬ್‌ನಿಂದ ತೊಟ್ಟಿಕ್ಕುತ್ತದೆ, ಏನು ಮಾಡಲಿ ಅಂತ ಕೇಳಿದ್ದೆ. ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್.

ಪೆನ್ನು ಬಿಚ್ಚುವ ಥ್ರೆಡ್ ಹತ್ತಿರದ ಜಿನುಗು ಓ-ರಿಂಗ್ (ರಬ್ಬರ್ ಬಳೆ), ಸಿಲಿಕೋನ್ ಗ್ರೀಸ್‌ಗೆ ನಿಂತಿತು. ನಿಬ್ಬಿನದೇ ದೊಡ್ಡ ತಲೆನೋವು. ಬ್ಯಾರೆಲ್‌ಗೇ (ಪೆನ್ನಿನ ಕೊಳವೆಗೇ) ನೇರ ಇಂಕ್ ತುಂಬುವ ಪೆನ್ ಇದು. ಇಂಕ್ ಕಮ್ಮಿಯಾದಷ್ಟೂ ಒಳಗೆ ಗಾಳಿ ಜಾಸ್ತಿ. ಕೈ ಬಿಸಿಗೆ 20 ಡಿಗ್ರಿಯಿಂದ 30ಕ್ಕೆ ಏರಿದರೆ ಗಾಳಿ ಸುಮಾರು 3.4% ಹಿಗ್ಗುತ್ತದೆ. 2 ಮಿ.ಲೀ. ಗಾಳಿ ಇದ್ದರೆ 0.07 ಮಿ.ಲೀ. ಇಂಕ್ ಹೊರಗೆ, ಅಂದರೆ ಒಂದು ದಪ್ಪ ಹನಿ. ಅಂಗಿ ಜೇಬು ಹಾಳಾಗಲು ಅಷ್ಟು ಸಾಕಲ್ಲ!

ಈ ಹೆಚ್ಚುವರಿ ಇಂಕನ್ನು ಹಿಡಿದಿಡುವುದು ಫೀಡ್‌ನ (ನಿಬ್ಬಿನ ಕೆಳಗೆ ಕೂತು ಇಂಕ್ ಒಯ್ಯುವ ಭಾಗ) ತೆಳು ಸೀಳುಗಳು. 1941ರ ಪಾರ್ಕರ್ 51 ಪೆನ್ನಿನ ಕಲೆಕ್ಟರ್ (ಹೆಚ್ಚುವರಿ ಇಂಕ್ ಹಿಡಿಯುವ ಭಾಗ) ಇದೇ ತತ್ವದ್ದು. ನಾನೂ ಸೀಳು ಹೆಚ್ಚಿಸಿ, ಆಳ ಮಾಡಿದೆ. ಮೇಜಿನ ಮೇಲೆ ಬರೆಯುವಾಗ ಈಗ ತೊಟ್ಟಿಕ್ಕುವುದಿಲ್ಲ.

ಆದರೆ ವಿಮಾನದಲ್ಲಿ ಕ್ಯಾಬಿನ್ ಒತ್ತಡ ನೆಲದ ಮುಕ್ಕಾಲು ಭಾಗದಷ್ಟಕ್ಕೆ ಇಳಿಯಬಹುದು. ಆಗ 2 ಮಿ.ಲೀ. ಗಾಳಿ 2.6ರ ಮೇಲಾಗುತ್ತದೆ. ಅಷ್ಟನ್ನು ಯಾವ ಸೀಳೂ ತಡೆಯದು. ಅದಕ್ಕೇ ಜಪಾನಿ ಪೆನ್ನುಗಳ ಉಪಾಯ ಹಿಡಿದೆ: ಬ್ಯಾರೆಲ್ ಉದ್ದಕ್ಕೂ ಒಂದು ಕಡ್ಡಿ, ಹಿಂದಿನ ತಿರುಪು ಬಿಗಿದರೆ ಅದರ ತುದಿ ಫೀಡ್ ಕಡೆಯ ಬಾಯಿ ಮುಚ್ಚುತ್ತದೆ. ಪುಟಗಟ್ಟಲೆ ಬರೆಯುವಾಗ ತಿರುಪು ಸಡಿಲಿಸಬೇಕು, ಮರೆತರೆ ನಿಬ್ ಒಣಗುತ್ತದೆ. ನನಗೆ ಒಪ್ಪಿಗೆಯೇ.

ಬ್ಯಾಗ್ ಕುಲುಕಿದಾಗ ಕ್ಯಾಪಿನೊಳಗೆ ಇಂಕ್ ಸಿಡಿಯುವುದು ಮಾತ್ರ ಉಳಿದಿದೆ. ಒಳಕ್ಯಾಪ್ ಕಡೆಯುತ್ತಿದ್ದೇನೆ.