‘ಸಿಂಗರ್-ಸಾಂಗ್‌ರೈಟರ್’ಗೆ ‘ವಾಗ್ಗೇಯಕಾರ’ ಸಲ್ಲುತ್ತದೆಯೇ?

ಎಲ್ಲರಿಗೂ ನಮಸ್ಕಾರ.

ಈಚಿನ ಕೆಲವು ಆಲ್ಬಂಗಳನ್ನು ಪರಿಚಯಿಸುವ ಬರಹವೊಂದನ್ನು ಸಿದ್ಧಪಡಿಸುತ್ತಿದ್ದೇನೆ. ಆರಿಸಿಕೊಂಡವರೆಲ್ಲ ತಾವೇ ಬರೆದು, ತಾವೇ ರಾಗ ಹಾಕಿ, ತಾವೇ ಹಾಡುವವರು. ಇಂಥವರನ್ನು ಕನ್ನಡದಲ್ಲಿ ಏನೆಂದು ಕರೆಯೋಣ? ‘ಗಾಯಕ-ಗೀತರಚನಕಾರ’ ಎಂದರೆ ರಾಗ ಹಾಕುವ ಕೆಲಸ ಬಿಟ್ಟೇ ಹೋಗುತ್ತದೆ. ನಮ್ಮಲ್ಲಿ ಗೀತರಚನೆ ಎಂದರೆ ಸಾಹಿತ್ಯ ಬರೆಯುವುದಷ್ಟೇ. ಸಿನಿಮಾದಲ್ಲಾಗಲಿ ಸುಗಮ ಸಂಗೀತದಲ್ಲಾಗಲಿ ಬರೆದವರೊಬ್ಬರು, ರಾಗ ಹಾಕಿದವರೊಬ್ಬರು, ಹಾಡಿದವರು ಮತ್ತೊಬ್ಬರು ಎನ್ನುವುದೇ ಹೆಚ್ಚು ರೂಢಿ.

ನನ್ನ ಒಲವು ‘ವಾಗ್ಗೇಯಕಾರ’ದ ಕಡೆಗೆ. 13ನೇ ಶತಮಾನದ ಸಂಗೀತಶಾಸ್ತ್ರ ಗ್ರಂಥ ‘ಸಂಗೀತರತ್ನಾಕರ’ದಲ್ಲಿ ಶಾರ್ಙ್ಗದೇವ ಕೊಡುವ ಲಕ್ಷಣ ಸ್ಪಷ್ಟವಾಗಿದೆ: ವಾಕ್ಕಿಗೆ, ಅಂದರೆ ಸಾಹಿತ್ಯಕ್ಕೆ, ‘ಮಾತು’ ಎಂದು ಹೆಸರು, ಗೇಯಕ್ಕೆ, ಅಂದರೆ ಹಾಡಿನ ಧಾಟಿಗೆ, ‘ಧಾತು’ ಎಂದು ಹೆಸರು, ಎರಡನ್ನೂ ಮಾಡುವವನು ವಾಗ್ಗೇಯಕಾರ. ಬೇರೆಯವರ ಧಾತುವಿಗೆ ಮಾತು ಕೂಡಿಸುವವನಿಗೆ ಅಲ್ಲಿ ‘ಕುಟ್ಟಿಕಾರ’ ಎಂಬ ಬೇರೆ ಹೆಸರೇ ಇದೆ. ಟ್ಯೂನಿಗೆ ಸಾಹಿತ್ಯ ಬರೆಯುವವರಿಗೆ ಒಂದು ಪದವನ್ನು ಆ ಕಾಲದಲ್ಲೇ ಇಟ್ಟಿದ್ದರು ಎನ್ನುವುದು ನನಗೆ ಬಹಳ ಹಿಡಿಸಿದ ಸಂಗತಿ.

‘ವಾಗ್ಗೇಯಕಾರ ರಚಿಸುವವನೇ ಹೊರತು ಹಾಡುವವನಲ್ಲ’ ಎಂಬ ಆಕ್ಷೇಪ ಬರಬಹುದು. ಆದರೆ ಉತ್ತಮ ವಾಗ್ಗೇಯಕಾರನ ಗುಣಗಳ ಪಟ್ಟಿಯಲ್ಲಿ ಮನಸ್ಸಿಗೆ ಹಿಡಿಸುವ ಶಾರೀರವೂ ಇದೆ. ‘ಒಳ್ಳೆ ಶಾರೀರ’ ಎಂದು ನಾವು ಈಗಲೂ ಹೇಳುತ್ತೇವಲ್ಲ, ಅದೇ ಅರ್ಥದಲ್ಲಿ.

ನನ್ನ ತೊಡಕು ಬೇರೆ. ತ್ಯಾಗರಾಜರ ಕೃತಿ ಯಾರು ಹಾಡಿದರೂ ತ್ಯಾಗರಾಜರದೇ. ಅದು ಬೇರೆಯವರ ಕಂಠದಲ್ಲೇ ಬೆಳೆಯುತ್ತ ಬಂದಿದೆ. ನಾನು ಪರಿಚಯಿಸಹೊರಟ ಹಾಡುಗಳಾದರೋ ಹಾಡಿದವರ ದನಿಗೇ ಅಂಟಿಕೊಂಡಿವೆ. ಇಂಗ್ಲೆಂಡಿನ ಗಾಯಕಿ ಲಾರಾ ಮಾರ್ಲಿಂಗ್ ಅವರ 2024ರ ‘ಪ್ಯಾಟರ್ನ್ಸ್ ಇನ್ ರಿಪೀಟ್’ ಕೇಳಿ ನೋಡಿ. ಮಗಳು ಹುಟ್ಟಿದ ಮೇಲೆ ಮಾಡಿದ ಆಲ್ಬಂ. ಡ್ರಮ್ಸ್ ಇಲ್ಲವೇ ಇಲ್ಲ. ಮೊದಲ ಹಾಡಿನ ಆರಂಭದಲ್ಲಿ ಮಗುವಿನ ಸದ್ದು ಕೇಳಿಸುತ್ತದೆ, ಗಿಟಾರ್ ಆ ಸದ್ದಿನ ಪಕ್ಕದಲ್ಲೇ ಮೆಲ್ಲಗೆ ಶುರುವಾಗುತ್ತದೆ. ಇದನ್ನು ಇನ್ನೊಬ್ಬರು ಎಷ್ಟೇ ಚೆನ್ನಾಗಿ ಹಾಡಲಿ, ಅದು ಬೇರೆಯದೇ ಹಾಡಾದೀತು. ಇಷ್ಟಾಗಿಯೂ ಇದೇ ಆಲ್ಬಂನ ಒಂದು ಹಾಡು ಅವರ ತಂದೆ ಬರೆದದ್ದು. ಹಾಗಾಗಿ ‘ಸ್ವರಚಿತ ಗೀತಗಾಯಕಿ’ ಎಂದು ಬಿಗಿಯಾಗಿ ಹೇಳಹೊರಟರೆ ಅದೂ ಪೂರ್ತಿ ಹೊಂದುವುದಿಲ್ಲ.

ಅಮೆರಿಕದ ಗಾಯಕ ಜೋಡಿ ಗಿಲಿಯನ್ ವೆಲ್ಚ್ ಮತ್ತು ಡೇವಿಡ್ ರಾಲಿಂಗ್ಸ್ ಅವರ ‘ವುಡ್‌ಲ್ಯಾಂಡ್’ ಕೂಡ 2024ರದೇ. 2020ರ ಸುಂಟರಗಾಳಿಗೆ ಸಿಕ್ಕು ಹಾನಿಗೊಂಡ, ನ್ಯಾಶ್‌ವಿಲ್‌ನ ತಮ್ಮ ಸ್ಟುಡಿಯೊದ ಹೆಸರನ್ನೇ ಅವರು ಆಲ್ಬಂಗೆ ಇಟ್ಟಿದ್ದಾರೆ. ಇಲ್ಲಿ ಹಾಡು ಕಟ್ಟಿದವರೂ ಹಾಡಿದವರೂ ಇಬ್ಬರು. ಎರಡು ದನಿ ಎಷ್ಟು ಹತ್ತಿರ ಹೆಣೆದುಕೊಂಡಿವೆ ಎಂದರೆ ಬಿಡಿಸಿ ಕೇಳುವುದೇ ಕಷ್ಟ. ‘ವಾಗ್ಗೇಯಕಾರ ಜೋಡಿ’ ಎಂದರೆ ನಿಮ್ಮ ಕಿವಿಗೆ ಹೇಗೆ ಕೇಳಿಸುತ್ತದೆ?

‘ಆಲ್ಬಂ’ ಪದವನ್ನು ಹಾಗೆಯೇ ಉಳಿಸಿಕೊಳ್ಳುತ್ತೇನೆ. ‘ಧ್ವನಿಸುರುಳಿ’ ಕ್ಯಾಸೆಟ್ಟಿನ ಜೊತೆಗೇ ಹಿಂದೆ ಸರಿಯಿತು. ‘ಹಾಡುಗಳ ಸಂಕಲನ’ ಎಂದರೆ ಹಳೆಯ ಜನಪ್ರಿಯ ಹಾಡುಗಳನ್ನು ಆಯ್ದು ಒಟ್ಟುಮಾಡಿದ್ದು ಎಂಬ ಭಾವನೆ ಬರುತ್ತದೆ. ‘ಶಿಫಾರಸು’ ಪದವೂ ಬೇಡ. ಅದರಲ್ಲಿ ಕಚೇರಿಯ ವಾಸನೆ ಇದೆ, ‘ಕೇಳಿ ನೋಡಿ’ ಎಂದರೆ ಸಾಕು.

ಉಳಿದದ್ದು ಎರಡು ಪ್ರಶ್ನೆ. ಶಾಸ್ತ್ರೀಯ ಸಂಗೀತದ ಹೊರಗಿನವರಿಗೆ ‘ವಾಗ್ಗೇಯಕಾರ’ ಬಳಸಿದ್ದನ್ನು ಅಚ್ಚಿನಲ್ಲಿ ಕಂಡಿದ್ದೀರಾ? ‘ಕಾದಂಬರಿಕಾರ್ತಿ’ಯ ಹಾದಿಯಲ್ಲಿ ‘ವಾಗ್ಗೇಯಕಾರ್ತಿ’ ಎಂದು ಬರೆಯಬಹುದೇ, ಅಥವಾ ಎಲ್ಲರಿಗೂ ‘ವಾಗ್ಗೇಯಕಾರರು’ ಎಂದರೇ ಲೇಸೇ? ಬಳಕೆಯ ಉದಾಹರಣೆ ಇದ್ದರೆ ವಾಕ್ಯದ ಸಮೇತ ಕೊಡಿ.