ಮಾಣಿಕ್ಯದ ಉಂಗುರ ಹುಣಸೆ ನೀರಲ್ಲಿ ತೊಳೆಯಬಹುದಾ?

ಕೆಂಪಿನೋಲೆ:
ಮನೆಯಲ್ಲಿ ಎರಡು ಒಡವೆಗಳಿವೆ. ಒಂದು ಹಳೇ ಕಾಲದ ಕೆಂಪಿನ ಓಲೆ, ಹಿಂಬದಿ ಪೂರ್ತಿ ಮುಚ್ಚಿದೆ. ಇನ್ನೊಂದು ಈಚಿನ ಮಾಣಿಕ್ಯದ ಉಂಗುರ. ಕಲ್ಲು 4 ಕ್ಯಾರೆಟ್, ಬೆಲೆ ಮಾತ್ರ ಆಶ್ಚರ್ಯ ಆಗುವಷ್ಟು ಕಡಿಮೆ. ಉಂಗುರ ಬಿಗಿ, ಕತ್ತರಿಸಿ ಬೆಸುಗೆ ಹಾಕಿಸಬೇಕು. ಎರಡನ್ನೂ ಹುಣಸೆಹಣ್ಣು, ಅಂಟುವಾಳದಲ್ಲಿ ತೊಳೆಯಬಹುದಾ? ಹಾಲಿಗೆ ಹಾಕಿದರೆ ಅಸಲಿ ಕಲ್ಲು ಗೊತ್ತಾಗುತ್ತೆ ಅನ್ನೋದು ನಿಜವಾ?

ಸಾಣೆಕಲ್ಲು:
ಉಂಗುರವನ್ನು ಸದ್ಯಕ್ಕೆ ಹುಳಿಗೂ ಬೆಂಕಿಗೂ ಕೊಡಬೇಡಿ. ಮಾಣಿಕ್ಯ ಅಂದರೆ ಕುರುಂದವೇ, ಸಾಣೆ ಹಿಡಿಯೋ ಅದೇ ಖನಿಜ. ಒಂದಿಷ್ಟು ಕ್ರೋಮಿಯಂ ಸೇರಿ ಕೆಂಪಾಗಿದೆ. ಗಡಸುತನ 10ಕ್ಕೆ 9, ಕರಗೋದು 2,000 ಡಿಗ್ರಿ ದಾಟಿದ ಮೇಲೆ. ಆದರೆ ಅಗ್ಗದ ದೊಡ್ಡ ಕಲ್ಲುಗಳಲ್ಲಿ ಬಹಳಷ್ಟು ಬಿರುಕುಬಿಟ್ಟ ಮಾಲು, ಬಿರುಕಿನೊಳಗೆ ಸೀಸದ ಗಾಜು ತುಂಬಿರುತ್ತೆ. ಆ ಗಾಜನ್ನು ನಿಂಬೆರಸವೇ ತಿಂದುಹಾಕುತ್ತೆ, ಹುಣಸೆಯೂ ಹುಳಿಯೇ. ಬೆಸುಗೆಯ ಬಿಸಿಗೆ ಗಾಜು ಕರಗಿ ಹೊರಬರುತ್ತೆ, ಆಮೇಲೆ ಉಂಗುರ ಅದ್ದುವ ತೇಜಾಬು (ಆಸಿಡ್) ಉಳಿದದ್ದನ್ನೂ ಕೊರೆಯುತ್ತೆ. ಕಲ್ಲಿನ ಮೇಲೆ ಬೆಳ್ಳಗೆ ಜೇಡರಬಲೆ ಥರ ಗೀರು ಎದ್ದರೆ ಮತ್ತೆ ಸರಿಹೋಗಲ್ಲ.

10 ಪಟ್ಟಿನ ಭೂತಗನ್ನಡಿ ತಗೊಂಡು, ದೀಪದ ಕೆಳಗೆ ಕಲ್ಲನ್ನು ನಿಧಾನ ಓರೆ ಮಾಡಿ. ಒಳಗೆ ಬಿರುಕಿನುದ್ದಕ್ಕೂ ನೀಲಿ ಅಥವಾ ನೇರಳೆ ಮಿಂಚು ಹಾದುಹೋದರೆ, ಚಪ್ಪಟೆ ಗುಳ್ಳೆ ಕಂಡರೆ, ಅದು ಗಾಜು. ಗಾಜು ತುಂಬದೆ, ಬಣ್ಣಕ್ಕಾಗಿ ಬರೀ ಕಾಯಿಸಿದ ಕಲ್ಲು ಬೇರೆ ವಿಷಯ. ಆ ಬಣ್ಣ ಹೋಗಲ್ಲ, ವ್ಯಾಪಾರದಲ್ಲೂ ಒಪ್ಪಿತ.

ಹರಳುಕಟ್ಟು:
ಓಲೆಯನ್ನು ನೀರಲ್ಲಿ ಮುಳುಗಿಸಲೇಬೇಡಿ. ಮುಚ್ಚಿದ ಕಟ್ಟಿನಲ್ಲಿ ಸಾಮಾನ್ಯವಾಗಿ ಒಳಗೆ ಅರಗು, ಕಲ್ಲಿನ ಹಿಂದೆ ಹೊಳಪಿಗೆ ತೆಳು ತಗಡು. ನೀರು ಇಳಿದರೆ ತಗಡು ಕಪ್ಪಾಗಿ ಆ ಒಂದು ಕಲ್ಲು ಮಾತ್ರ ಸತ್ತ ಹಾಗೆ ಕಾಣುತ್ತೆ. ಬಿಸಿನೀರಿಗೆ ಅರಗು ಮೆತ್ತಗಾಗುತ್ತೆ. ಹಿಂಡಿದ ಹತ್ತಿಬಟ್ಟೆಯಲ್ಲಿ ಒರೆಸಿ, ಕೂಡಲೇ ಒಣಬಟ್ಟೆ ಹಿಡಿಯಿರಿ, ಅಷ್ಟೇ.

ತೆರೆದ ಕಟ್ಟಿನ ಉಂಗುರಕ್ಕೆ ಒಂದು ಲೋಟ ಉಗುರುಬೆಚ್ಚಗಿನ ನೀರು, 2-3 ಹನಿ ಮೃದು ಸೋಪು. ಹತ್ತು ನಿಮಿಷದ ನಂತರ ಮಕ್ಕಳ ಹಲ್ಲುಜ್ಜೋ ಬ್ರಷ್‌ನಲ್ಲಿ ಕಲ್ಲಿನ ಹಿಂಭಾಗ ತಿಕ್ಕಿ. ಹೊಳಪು ಕೆಡಿಸೋ ಎಣ್ಣೆ, ಸೋಪಿನ ಜಿಡ್ಡು ಕೂರೋದು ಅಲ್ಲೇ. ಗಾಜು ತುಂಬಿದ್ದರೆ ಅಲ್ಟ್ರಾಸಾನಿಕ್ ಯಂತ್ರದಲ್ಲಿ ತೊಳೆಯೋದು ಬೇಡ.

ಬೆಸುಗೆಗೆ ಮೊದಲು ಕಲ್ಲು ಬಿಚ್ಚಿಸಿ. ಶುದ್ಧ ಮಾಣಿಕ್ಯವಾದರೂ ಸರಿ: ಬೆಸುಗೆಗೆ ಹಚ್ಚುವ ಬಿಳಿಗಾರ ಕಾದು ತಾಗಿದರೆ ಮೈ ಕೊರೆದು ಮಂಕಾಗುತ್ತೆ, ಮತ್ತೆ ಸಾಣೆ ಹಿಡಿಸಬೇಕಾಗುತ್ತೆ.

ಕೆಂಪಿನೋಲೆ:
ನೋಡಿದೆ, ನೀಲಿ ಮಿಂಚು ಇದೆ. ಹಾಲಿನ ವಿಷಯ?

ಸಾಣೆಕಲ್ಲು:
ಅಸಲಿ ಕಲ್ಲು ಹಾಕಿದರೆ ಹಾಲು ಕೆಂಪೇರುತ್ತೆ ಅನ್ನೋ ನಂಬಿಕೆ ಹಳೆಯದು. ಆದರೆ 1902ರಲ್ಲಿ ಫ್ರೆಂಚ್ ರಸಾಯನ ವಿಜ್ಞಾನಿ ವರ್ನ್ಯೂಯಿ ಜ್ವಾಲೆಯಲ್ಲಿ ಮಾಣಿಕ್ಯ ಬೆಳೆಸೋದನ್ನು ಪ್ರಕಟಿಸಿದರು. ಆ ಕೃತಕ ಕಲ್ಲೂ ಖನಿಜವಾಗಿ ಮಾಣಿಕ್ಯವೇ, ಹಾಲಲ್ಲಿ ವ್ಯತ್ಯಾಸ ತಿಳಿಯಲ್ಲ. ಅದರೊಳಗೆ ಬಾಗಿದ ಗೆರೆಗಳಿರುತ್ತವೆ, ಸಹಜ ಕಲ್ಲಿನಲ್ಲಿ ಗೆರೆ ನೇರ. ಓಲೆ 1910ರ ನಂತರದ್ದಾದರೆ ಅದನ್ನೂ ಹಾಗೆ ನೋಡಿ.

ಉಂಗುರದ ಕಲ್ಲು ಬಿಚ್ಚಿದಾಗಲೇ ಪ್ರಯೋಗಾಲಯಕ್ಕೆ ಕೊಡಿ. ವರದಿಯಲ್ಲಿ ಬರೀ ‘ಸಹಜ’ ಅಂತಿದ್ದರೆ ಸಾಲದು, ಗಾಜು ತುಂಬಿದ್ದಾರಾ ಅನ್ನೋದು ಬರೆದಿರಬೇಕು. ಇಡುವಾಗ ಮುತ್ತಿನ ಜೊತೆ ಬೇಡ, ಮಾಣಿಕ್ಯ ಮುತ್ತನ್ನು ಗೀರುತ್ತೆ. ವಜ್ರದ ಜೊತೆಯೂ ಬೇಡ, ಅದು ಮಾಣಿಕ್ಯವನ್ನು ಗೀರುತ್ತೆ.