ಸಹಾಯ ಬೇಕು: ನೈಲಾನ್ ಪ್ರಯೋಗಕ್ಕೆ ಸ್ವಲ್ಪ ಅಡಿಪೋಯಿಲ್ ಕ್ಲೋರೈಡ್

ಎಲ್ಲರಿಗೂ ನಮಸ್ಕಾರ. ನಾನು ಸೇಡಂ ಕಡೆಯ ಪದವಿಪೂರ್ವ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ನೈಲಾನ್ 6,6 ಹುಟ್ಟುವುದನ್ನು ಮಕ್ಕಳಿಗೆ ಕಣ್ಣಾರೆ ತೋರಿಸಬೇಕೆಂಬ ಆಸೆ. ಅದಕ್ಕೆ ಬೇಕಾದ ಎರಡು ರಾಸಾಯನಿಕಗಳಲ್ಲಿ ಹೆಕ್ಸಾಮಿಥಿಲೀನ್ ಡೈಅಮೀನ್ ಸಿಕ್ಕಿದೆ, ಅಡಿಪೋಯಿಲ್ ಕ್ಲೋರೈಡ್ ಎಂಬ ಆಮ್ಲ ಕ್ಲೋರೈಡ್ ಸಿಕ್ಕಿಲ್ಲ. ಅಂಗಡಿಯವರು ದೊಡ್ಡ ಬಾಟಲಿಯನ್ನೇ ತರಿಸಬೇಕೆನ್ನುತ್ತಾರೆ. ನಮಗೆ ಬೇಕಿರುವುದು ಕೆಲವೇ ಮಿಲಿಲೀಟರ್. ಉಳಿದದ್ದು ಗಾಳಿಯ ತೇವಕ್ಕೇ ಕೆಟ್ಟುಹೋಗುತ್ತದೆ.

ಡೈಅಮೀನನ್ನು ಸೋಡಿಯಂ ಹೈಡ್ರಾಕ್ಸೈಡ್ ಬೆರೆಸಿದ ನೀರಿನಲ್ಲಿ ಕರಗಿಸಿ, ಸೈಕ್ಲೋಹೆಕ್ಸೇನಿನಲ್ಲಿ ಕರಗಿಸಿದ ಆಮ್ಲ ಕ್ಲೋರೈಡನ್ನು ಬೀಕರಿನ ಗೋಡೆಗುಂಟ ಮೆಲ್ಲಗೆ ಸುರಿದರೆ, ಎರಡು ಪದರಗಳು ಕೂಡುವಲ್ಲಿ ಬಿಳಿ ಪೊರೆ ಕಟ್ಟುತ್ತದೆ. ಚಿಮುಟದಿಂದ ಎತ್ತಿದರೆ ಹಗ್ಗವಾಗಿ ಬರುತ್ತಲೇ ಇರುತ್ತದೆ. ಇವೆರಡನ್ನೂ ಬೆಸೆಯುವ ಒಂದೊಂದು ಅಮೈಡ್ ಬಂಧಕ್ಕೂ ಒಂದೊಂದು ಹೈಡ್ರೋಜನ್ ಕ್ಲೋರೈಡ್ ಅಣು ಕಳಚಿಕೊಳ್ಳುತ್ತದೆ ಎಂಬುದನ್ನು ಇಷ್ಟು ಚೆನ್ನಾಗಿ ಮನಸ್ಸಿಗಿಳಿಸುವ ಬೇರೆ ದಾರಿ ನನಗೆ ಕಂಡಿಲ್ಲ.

ನಮ್ಮ ಮಕ್ಕಳಲ್ಲಿ ಹೆಚ್ಚಿನವರು ತೊಗರಿ ಬೆಳೆಯುವ ಮನೆಯವರು. ಬೇಳೆಯ ಪ್ರೋಟೀನಿನಲ್ಲಿ ಅಮೈನೋ ಆಮ್ಲಗಳನ್ನು ಬೆಸೆದಿರುವುದೂ ಇದೇ ಬಂಧ. ಜೋಳದಲ್ಲಿ ಕಡಿಮೆಯಿರುವ ಲೈಸೀನ್ ಎಂಬ ಅಮೈನೋ ಆಮ್ಲ ತೊಗರಿಯಲ್ಲಿ ಧಾರಾಳವಾಗಿದೆ. ನಮ್ಮ ಡೈಅಮೀನಿನಂತೆಯೇ ಆ ಲೈಸೀನಿಗೂ ಎರಡು ಅಮೈನೋ ಗುಂಪುಗಳಿವೆ. ರೊಟ್ಟಿ, ಬೇಳೆಯಿಂದಲೇ ಪಾಠ ಆರಂಭಿಸುತ್ತೇನೆ.

ಕಲಬುರಗಿ, ಬೀದರ್, ಯಾದಗಿರಿಯ ಪದವಿ ಕಾಲೇಜುಗಳ ಪ್ರಯೋಗಾಲಯದಲ್ಲಿರುವವರು, ಭದ್ರವಾಗಿ ಮುಚ್ಚಿಟ್ಟ ಬಾಟಲಿಯಿದ್ದರೆ ದಯವಿಟ್ಟು ತಿಳಿಸಿ. ಸೆಬಾಕೋಯಿಲ್ ಕ್ಲೋರೈಡ್ ಆದರೂ ಸರಿ, ನೈಲಾನ್ 6,10 ಬರುತ್ತದೆ. ಕಾಲೇಜಿನ ಪತ್ರ ತರುತ್ತೇನೆ, ಬೆಲೆಯನ್ನೂ ಕೊಡುತ್ತೇನೆ.

ಇನ್ನೊಂದು ಮಾತು. ನಮ್ಮಲ್ಲಿ ಫ್ಯೂಮ್ ಹುಡ್ (ಕೆಟ್ಟ ಆವಿಯನ್ನು ಹೊರಗೆಳೆಯುವ ಗೂಡು) ಇಲ್ಲ, ಈ ಕ್ಲೋರೈಡ್ ಕಣ್ಣಿಗೂ ಚರ್ಮಕ್ಕೂ ಕೆಟ್ಟದ್ದು. ಫ್ಯೂಮ್ ಹುಡ್ ಇರುವ ಪ್ರಯೋಗಾಲಯದವರು ಒಂದು ಮಧ್ಯಾಹ್ನ ಜಾಗ ಕೊಟ್ಟರೆ ಮಕ್ಕಳನ್ನು ಅಲ್ಲಿಗೇ ಕರೆತರುತ್ತೇನೆ.